ಕರೆಯದೆ ತೆರೆದ ಕಿಟಕಿಗಳು: ಬ್ರೌಸರಿನ ಒಂದು ಆಯ್ಕೆಯ ಇತಿಹಾಸ

೧

ಇತಿಹಾಸದ ಅಭ್ಯಾಸಿಗಳಾದ ನಮಗೆ ರಾಜ್ಯಗಳ ಏಳುಬೀಳು, ಕಂದಾಯದ ಪದ್ಧತಿ, ದತ್ತಿಶಾಸನ ಮೊದಲಾದುವು ಪರಿಚಿತ ವಸ್ತುಗಳು. ಅಂತರಜಾಲದ ಪುಟಗಳನ್ನು ತೋರಿಸುವ ಬ್ರೌಸರೆಂಬ ಉಪಕರಣದ ಯಾವುದೋ ಮೂಲೆಯಲ್ಲಿರುವ ಒಂದು ಸಣ್ಣ ಆಯ್ಕೆಯನ್ನು ಕುರಿತು ಈ ಸಂಚಿಕೆಯಲ್ಲಿ ಬರೆಯಹೊರಟಿರುವುದು ಕೆಲವು ವಾಚಕರಿಗೆ ವಿಚಿತ್ರವೆನಿಸಬಹುದು. ಆದರೆ ಜನರ ನಿತ್ಯಜೀವನದಲ್ಲಿ ಯಾರ ಮಾತು ನಡೆಯುತ್ತದೆ, ಯಾರ ಒಪ್ಪಿಗೆಯನ್ನು ಕೇಳಲಾಗುತ್ತದೆ, ಯಾರದನ್ನು ಕೇಳದೆಯೇ ಊಹಿಸಿಕೊಳ್ಳಲಾಗುತ್ತದೆ ಎಂಬುದು ಇತಿಹಾಸಕ್ಕೆ ಹೊರಗಿನ ಪ್ರಶ್ನೆಯಲ್ಲ. ಆ ಪ್ರಶ್ನೆಗೆ ನಮ್ಮ ಕಾಲದಲ್ಲಿ ದೊರೆತ ಉತ್ತರಗಳಲ್ಲಿ ಒಂದು ಈ ಸಣ್ಣ ಆಯ್ಕೆಯಲ್ಲಿ ಹುದುಗಿದೆ.

ಓದುಗನು ಒಂದು ಪುಟವನ್ನು ನೋಡುತ್ತಿರುವಾಗ ಅವನ ಅಪೇಕ್ಷೆಯಿಲ್ಲದೆ ಅದರ ಮೇಲೆಯೋ ಹಿಂದೆಯೋ ತೆರೆದುಕೊಳ್ಳುವ ಬೇರೊಂದು ಕಿಟಕಿಗೆ ಪಾಪ್‌ಅಪ್ ಎಂದು ಹೆಸರು. ಅದನ್ನು ತಡೆಯುವ, ಬಿಡುವ, ಅಥವಾ ಕೆಲವು ತಾಣಗಳಿಗೆ ಮಾತ್ರ ಬಿಡುವ ಅಧಿಕಾರವನ್ನು ಓದುಗನ ಕೈಗೆ ಕೊಡುವ ಏರ್ಪಾಡೇ ಇಲ್ಲಿನ ವಿಷಯ. ಈ ಏರ್ಪಾಡು ಹೇಗೆ ಹುಟ್ಟಿತು, ಯಾವ ಯಾವ ರೂಪಗಳನ್ನು ತಾಳಿತು, ಎಲ್ಲಿ ಸೋತಿತು ಎಂಬುದನ್ನು ಪರಿಶೀಲಿಸಿ, ಅದರಿಂದ ಒಂದು ನಿರ್ಣಯಕ್ಕೆ ಬರಲು ಪ್ರಯತ್ನಿಸುತ್ತೇವೆ. ಆ ನಿರ್ಣಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಆಯ್ಕೆಯೊಂದು ಇದ್ದ ಮಾತ್ರಕ್ಕೆ ಜನರಿಗೆ ರಕ್ಷಣೆ ದೊರೆಯುವುದಿಲ್ಲ, ಏನನ್ನೂ ಆಯದವನ ಪಾಲಿಗೆ ಅದು ಯಾವ ಸ್ಥಿತಿಯಲ್ಲಿರುತ್ತದೆ ಎಂಬುದೇ ಮುಖ್ಯ.

೨

ವಿಷಯದ ತಿರುಳನ್ನು ತಿಳಿಯಲು ಮಲೆನಾಡಿನ ಒಂದು ಸಾಧನವನ್ನು ನೆನೆಯಬಹುದು. ಶೃಂಗೇರಿ ಸೀಮೆಯ ಅಡ್ಡಗದ್ದೆಯಂತಹ ಊರಿನಲ್ಲಿ ಅಡಕೆಯ ತೋಟಕ್ಕೆ ಬೇಲಿ ಹಾಕಿಸುವವನಿಗೆ ಎರಡು ಚಿಂತೆಗಳು. ದನಕರುಗಳು ಒಳಗೆ ನುಗ್ಗಬಾರದು. ಆದರೆ ಮನೆಯವರ, ಆಳುಗಳ, ನೆರೆಯವರ ಓಡಾಟ ನಿಲ್ಲಲೂ ಬಾರದು. ಬೇಲಿಯನ್ನು ಪೂರ್ತಿ ಮುಚ್ಚಿದರೆ ಎರಡನೆಯದು ಕೆಡುತ್ತದೆ, ತೆರೆದಿಟ್ಟರೆ ಮೊದಲನೆಯದು ಕೆಡುತ್ತದೆ. ಇದಕ್ಕೆ ಹಿರಿಯರು ಕಂಡುಕೊಂಡ ಪರಿಹಾರ ತಡಬೆ. ಬೇಲಿಯ ಎರಡು ಪಕ್ಕಕ್ಕೂ ಮೆಟ್ಟಿಲಿನಂತೆ ಮರವನ್ನು ಕಟ್ಟಿದರೆ ಮನುಷ್ಯನು ಹತ್ತಿ ಇಳಿದು ದಾಟುತ್ತಾನೆ. ದನಕ್ಕೆ ಅದು ಸಾಧ್ಯವಿಲ್ಲ. ಅಲ್ಲಿ ಕಾವಲುಗಾರನು ನಿಂತು ಬಂದವರನ್ನೆಲ್ಲ ವಿಚಾರಿಸಬೇಕಾಗಿಲ್ಲ. ತಡಬೆಯ ಆಕಾರವೇ ಬೇಕಾದವರನ್ನೂ ಬೇಡವಾದವನ್ನೂ ಬೇರ್ಪಡಿಸುತ್ತದೆ.

ಬ್ರೌಸರಿನ ನಿರ್ಮಾಪಕರ ಮುಂದಿದ್ದ ಸಮಸ್ಯೆಯೂ ಇಂಥದೇ. ಹೊಸ ಕಿಟಕಿಗಳೆಲ್ಲ ಕೆಟ್ಟವಲ್ಲ. ಹಣ ಪಾವತಿಯ ಪುಟ, ಮುದ್ರಿಸಿಕೊಳ್ಳಬೇಕಾದ ರಸೀದಿ, ಕಡತವೊಂದರ ಪೂರ್ಣಪಾಠ ಮೊದಲಾದುವನ್ನು ಅನೇಕ ಜಾಲತಾಣಗಳು ಬೇರೆ ಕಿಟಕಿಯಲ್ಲಿಯೇ ತೆರೆಯುತ್ತವೆ. ಎಲ್ಲವನ್ನೂ ತಡೆದರೆ ಕೆಲಸ ಕೆಡುತ್ತದೆ. ಎಲ್ಲವನ್ನೂ ಬಿಟ್ಟರೆ ಜಾಹೀರಾತಿನ ದಾಳಿ. ಪ್ರತಿಯೊಂದಕ್ಕೂ ಓದುಗನನ್ನೇ ಕೇಳಿದರೆ ಕೇಳಿಕೆಯೇ ಒಂದು ಹೊಸ ಪಾಪ್‌ಅಪ್ ಆಗಿ ಪರಿಣಮಿಸುತ್ತದೆ. ಅಂತರಜಾಲದಲ್ಲಿ ಈ ತಡಬೆಯನ್ನು ಕಟ್ಟಲು ಹಲವು ವರ್ಷಗಳೇ ಬೇಕಾದುವು.

೩

ಈ ಕಥೆಯ ಮೂಲ ಒಂದು ಸೌಕರ್ಯದಲ್ಲಿದೆ. ೧೯೯೫ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಬ್ರೆಂಡನ್ ಐಕ್ ಎಂಬವರು ಜಾವಾಸ್ಕ್ರಿಪ್ಟ್ ಎಂಬ ಸಂಕೇತಭಾಷೆಯನ್ನು ಬಹು ಅಲ್ಪ ಕಾಲದಲ್ಲಿ ರಚಿಸಿದರು. ೧೯೯೬ರಲ್ಲಿ ಹೊರಬಂದ ನೆಟ್‌ಸ್ಕೇಪ್ ನ್ಯಾವಿಗೇಟರಿನ ಎರಡನೆಯ ಆವೃತ್ತಿಯಲ್ಲಿ ಅದು ಸೇರಿತ್ತು. ಅಲ್ಲಿಯವರೆಗೆ ಪುಟವೆಂಬುದು ಅಚ್ಚಾದ ಹಾಳೆಯಂತೆ ಸುಮ್ಮನೆ ಬಿದ್ದಿರುವ ವಸ್ತುವಾಗಿತ್ತು. ಈ ಭಾಷೆಯಿಂದ ಅದಕ್ಕೆ ಕೈಕಾಲುಗಳು ಬಂದುವು. ಹೊಸ ಕಿಟಕಿಯನ್ನು ತೆರೆಯುವ ಶಕ್ತಿಯೂ ಅವುಗಳಲ್ಲಿ ಒಂದು. ಆ ಶಕ್ತಿಯನ್ನು ಕೊಟ್ಟವರು ಅದಕ್ಕೆ ಯಾವ ಮಿತಿಯನ್ನೂ ಇಡಲಿಲ್ಲ. ಓದುಗನು ಒತ್ತಿದುದರಿಂದ ತೆರೆದ ಕಿಟಕಿಗೂ ಪುಟವು ತಾನಾಗಿ ತೆರೆದ ಕಿಟಕಿಗೂ ಬ್ರೌಸರಿನ ದೃಷ್ಟಿಯಲ್ಲಿ ಭೇದವಿರಲಿಲ್ಲ.

ಈ ಶಕ್ತಿಯನ್ನು ಜಾಹೀರಾತಿಗೆ ಬಳಸಿದ ಮೊದಲಿಗರಲ್ಲಿ ಒಬ್ಬರಾದ ಎಥನ್ ಜುಕರ್‌ಮನ್ ಎಂಬವರು ೨೦೧೪ರಲ್ಲಿ ‘ದಿ ಅಟ್ಲಾಂಟಿಕ್’ ಪತ್ರಿಕೆಯಲ್ಲಿ ತಮ್ಮ ಅನುಭವವನ್ನು ವಿವರಿಸಿದ್ದಾರೆ. ಅವರು ೧೯೯೦ರ ದಶಕದಲ್ಲಿ ಟ್ರೈಪಾಡ್ ಎಂಬ ತಾಣದಲ್ಲಿ ಕೆಲಸ ಮಾಡುತ್ತಿದ್ದರು. ಸಾಮಾನ್ಯ ಜನರು ತಮ್ಮ ಸ್ವಂತ ಪುಟಗಳನ್ನು ರಚಿಸಿ ಅಲ್ಲಿ ಇಡಬಹುದಾಗಿತ್ತು. ಆ ಪುಟಗಳ ಮೇಲೆ ಜಾಹೀರಾತು ಹಾಕಿ ಸಂಸ್ಥೆ ಹಣ ಗಳಿಸಬೇಕಾಗಿತ್ತು. ಮೋಟಾರು ತಯಾರಿಸುವ ಕಂಪನಿಯೊಂದು ತನ್ನ ಜಾಹೀರಾತು ಅಶ್ಲೀಲ ವಿಷಯದ ಪುಟವೊಂದರಲ್ಲಿ ಕಾಣಿಸಿಕೊಂಡುದನ್ನು ಕಂಡು ಗಾಬರಿಗೊಂಡಿತು. ಪುಟಕ್ಕೂ ಜಾಹೀರಾತಿಗೂ ನೇರ ಸಂಬಂಧವಿಲ್ಲವೆಂದು ತೋರುವಂತೆ, ಜಾಹೀರಾತನ್ನು ಬೇರೊಂದು ಕಿಟಕಿಯಲ್ಲಿ ತೆರೆಯುವ ಸಂಕೇತವನ್ನು ಜುಕರ್‌ಮನ್ ಬರೆದರು. ಅದೇ ಲೇಖನದಲ್ಲಿ ಅವರು ಜನರ ಕ್ಷಮೆಯನ್ನೂ ಕೋರಿದ್ದಾರೆ. ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಈ ಏರ್ಪಾಡಿನಲ್ಲಿ ಜಾಹೀರಾತು ಕೊಟ್ಟವನ ಮರ್ಯಾದೆಯನ್ನು ವಿಚಾರಿಸಿದರು, ತಾಣದ ಆದಾಯವನ್ನು ವಿಚಾರಿಸಿದರು. ಓದುಗನನ್ನು ಮಾತ್ರ ಯಾರೂ ವಿಚಾರಿಸಲಿಲ್ಲ.

ಓದುಗನು ತೆತ್ತ ಬೆಲೆಯೂ ಅಲ್ಪವಾಗಿರಲಿಲ್ಲ. ನಮ್ಮ ದೇಶದಲ್ಲಿ ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಅಂತರಜಾಲ ಸೇವೆಯನ್ನು ಒದಗಿಸಿದುದು ೧೯೯೫ರ ಆಗಸ್ಟಿನಲ್ಲಿ. ಟೆಲಿಫೋನು ತಂತಿಯ ಮೂಲಕ ಬರುತ್ತಿದ್ದ ಆ ಸೇವೆಗೆ ಕಾಲದ ಲೆಕ್ಕದಲ್ಲಿ ಹಣ ಕೊಡಬೇಕಾಗಿತ್ತು; ಟೆಲಿಫೋನಿನ ಬಿಲ್ಲು ಬೇರೆ. ಮುಂದೆ ಬಳಕೆಗೆ ಬಂದ ೫೬ ಕಿಲೋಬಿಟ್ಟಿನ ಮೋಡೆಮ್ಮನ್ನೇ ತೆಗೆದುಕೊಂಡರೂ ಸೆಕೆಂಡಿಗೆ ಹೆಚ್ಚೆಂದರೆ ೭ ಕಿಲೋಬೈಟುಗಳಷ್ಟು ಮಾಹಿತಿ ಇಳಿಯುತ್ತಿತ್ತು. ೩೫ ಕಿಲೋಬೈಟುಗಳ ಒಂದು ಜಾಹೀರಾತಿನ ಚಿತ್ರಕ್ಕೆ ೫ ಸೆಕೆಂಡುಗಳು ಬೇಕು. ಅಂಥವು ಹತ್ತು ತೆರೆದರೆ ಹೋಗುವ ಐವತ್ತು ಸೆಕೆಂಡುಗಳ ಹಣ ಓದುಗನದೇ. ತಾನು ಬೇಡದ ಸರಕಿಗೆ ಸಾಗಾಣಿಕೆಯ ಕೂಲಿಯನ್ನು ತಾನೇ ಕೊಟ್ಟಂತಾಯಿತು.

೪

ಇದಕ್ಕೆ ಪ್ರತಿಯಾಗಿ ಬಂದ ಮೊದಲ ಏರ್ಪಾಡು ನಾರ್ವೆ ದೇಶದ ಒಪೆರಾ ಬ್ರೌಸರಿನದು. ಪ್ರಮುಖ ಬ್ರೌಸರುಗಳಲ್ಲಿ ಪಾಪ್‌ಅಪ್ ನಿಯಂತ್ರಣವನ್ನು ತನ್ನೊಳಗೇ ಅಳವಡಿಸಿಕೊಂಡ ಮೊದಲನೆಯದು ಅದೇ. ಅದರ ಆಯ್ಕೆಗಳು ಕ್ರಮೇಣ ನಾಲ್ಕಾದುವು: ಎಲ್ಲವನ್ನೂ ತೆರೆಯುವುದು, ಎಲ್ಲವನ್ನೂ ಹಿನ್ನೆಲೆಯಲ್ಲಿ ತೆರೆಯುವುದು, ಬೇಡವಾದುವನ್ನು ಮಾತ್ರ ತಡೆಯುವುದು, ಎಲ್ಲವನ್ನೂ ತಡೆಯುವುದು. ಕೀಲಿಮಣೆಯ ಒಂದೇ ಗುಂಡಿಯನ್ನು ಒತ್ತಿ ಈ ಪಟ್ಟಿಯನ್ನು ತರಿಸಿಕೊಳ್ಳಬಹುದಾಗಿತ್ತು. ಒಂದು ಆಯ್ಕೆಯನ್ನು ಎಲ್ಲಿ ಇಡಬೇಕೆಂಬುದು ಆ ಆಯ್ಕೆಯಷ್ಟೇ ಮುಖ್ಯವೆಂಬುದನ್ನು ಒಪೆರಾದವರು ಅರಿತಿದ್ದರು.

ಮೇಲಿನ ನಾಲ್ಕರಲ್ಲಿ ಮೂರನೆಯದೇ ಕಷ್ಟದ ಕೆಲಸ. ಕಿಟಕಿಯೊಂದು ಬೇಕಾದುದೋ ಬೇಡವಾದುದೋ ಎಂಬುದನ್ನು ಯಂತ್ರವು ಹೇಗೆ ಅರಿಯಬೇಕು? ೨೦೦೨ರ ಜೂನಿನಲ್ಲಿ ಪ್ರಕಟವಾದ ಮೊಜಿಲ್ಲಾ ಬ್ರೌಸರಿನ ಮೊದಲನೆಯ ಪೂರ್ಣ ಆವೃತ್ತಿಯು ಇದಕ್ಕೆ ಒಂದು ಸರಳವಾದ ಲಕ್ಷಣವನ್ನು ಹೇಳಿತು. ಪುಟವು ತೆರೆದುಕೊಳ್ಳುವಾಗಲೋ ಮುಚ್ಚಿಕೊಳ್ಳುವಾಗಲೋ ತಾನಾಗಿ ಹುಟ್ಟುವ ಕಿಟಕಿ ಕೇಳದೆ ಬಂದದ್ದು. ಓದುಗನು ಎಲ್ಲಿಯಾದರೂ ಒತ್ತಿದ ಫಲವಾಗಿ ಹುಟ್ಟಿದ್ದು ಕೇಳಿ ಬಂದದ್ದು. ಆ ಬ್ರೌಸರಿನ ಆಯ್ಕೆಗಳ ಪುಟದಲ್ಲಿ ಇದ್ದ ಮಾತೂ ಹೀಗೆಯೇ: ಕೇಳದ ಕಿಟಕಿಗಳನ್ನು ತೆರೆಯಲು ಪುಟಗಳಿಗೆ ಅನುಮತಿ ಕೊಡಬೇಕೇ, ಬೇಡವೇ? ಜಾಹೀರಾತು ಯಾವುದು, ರಸೀದಿ ಯಾವುದು ಎಂಬ ವಿಚಾರಣೆಗೆ ಅದು ಹೋಗಲೇ ಇಲ್ಲ. ಕಿಟಕಿಯ ಒಳಗೇನಿದೆ ಎಂಬುದನ್ನು ಬಿಟ್ಟು ಅದು ಹೇಗೆ ಹುಟ್ಟಿತೆಂಬುದನ್ನು ಮಾತ್ರ ನೋಡಿತು. ನಾವು ಮೇಲೆ ಹೇಳಿದ ತಡಬೆಯ ನ್ಯಾಯವೇ ಇದು. ಇಂದಿಗೂ ಎಲ್ಲ ಬ್ರೌಸರುಗಳ ನಿಯಂತ್ರಣ ಈ ತತ್ತ್ವದ ಮೇಲೆಯೇ ನಿಂತಿದೆ.

ಅದೇ ವರ್ಷ ನಡೆದ ಮತ್ತೊಂದು ಘಟನೆ ಇತಿಹಾಸಕಾರನಿಗೆ ಇನ್ನೂ ಬೋಧಪ್ರದವಾದುದು. ನೆಟ್‌ಸ್ಕೇಪ್ ಸಂಸ್ಥೆ ೧೯೯೯ರಲ್ಲಿ ಅಮೆರಿಕ ಆನ್‌ಲೈನ್ ಎಂಬ ದೊಡ್ಡ ಕಂಪನಿಯ ವಶಕ್ಕೆ ಹೋಗಿತ್ತು. ೨೦೦೨ರ ಆಗಸ್ಟಿನಲ್ಲಿ ಪ್ರಕಟವಾದ ನೆಟ್‌ಸ್ಕೇಪಿನ ಏಳನೆಯ ಆವೃತ್ತಿಯನ್ನು ಮೊಜಿಲ್ಲಾದ ತಳಹದಿಯ ಮೇಲೆಯೇ ಕಟ್ಟಲಾಗಿತ್ತು. ಆದರೆ ಪಾಪ್‌ಅಪ್ ತಡೆಯುವ ಆಯ್ಕೆ ಮಾತ್ರ ಅದರಲ್ಲಿ ಇರಲಿಲ್ಲ. ತಾಯಿಬೇರಿನಲ್ಲಿದ್ದುದು ಕೊಂಬೆಗೆ ಬರುವಷ್ಟರಲ್ಲಿ ಕಾಣೆಯಾಗಿತ್ತು. ಒಡೆಯನಾದ ಕಂಪನಿಗೆ ಆ ದಿನಗಳಲ್ಲಿ ಇಂತಹ ಜಾಹೀರಾತುಗಳಿಂದ ಆದಾಯವಿತ್ತೆಂಬುದನ್ನು ಗಮನಿಸಿದವರು ಸುಮ್ಮನಿರಲಿಲ್ಲ. ಅಕ್ಟೋಬರಿನಲ್ಲಿ ಆ ಕಂಪನಿಯು ಇತರರ ಪಾಪ್‌ಅಪ್ ಜಾಹೀರಾತುಗಳ ಮಾರಾಟವನ್ನು ತನ್ನ ಸೇವೆಯಲ್ಲಿ ನಿಲ್ಲಿಸುವುದಾಗಿ ಸಾರಿತು. ಡಿಸೆಂಬರಿನಲ್ಲಿ ಬಂದ ಪರಿಷ್ಕೃತ ನೆಟ್‌ಸ್ಕೇಪಿನಲ್ಲಿ ಆಯ್ಕೆ ಮರಳಿ ಕಾಣಿಸಿಕೊಂಡಿತು. ಆಗಸ್ಟಿನಿಂದ ಡಿಸೆಂಬರಿನ ನಡುವಣ ಆ ನಾಲ್ಕು ತಿಂಗಳಲ್ಲಿ ತಂತ್ರಜ್ಞಾನವು ಬದಲಾಗಿರಲಿಲ್ಲ. ಬದಲಾದುದು ಒಡೆಯನ ಹಿತ ಮಾತ್ರ.

ಇನ್ನೊಂದು ಪ್ರಸಂಗವೂ ಉಲ್ಲೇಖಕ್ಕೆ ಯೋಗ್ಯವಾಗಿದೆ. ೨೦೦೩ರ ನವೆಂಬರಿನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಡಿ ಸ್ಕ್ವೇರ್ಡ್ ಸೊಲ್ಯೂಷನ್ಸ್ ಎಂಬ ಸಂಸ್ಥೆಯ ಮೇಲೆ ದಾವೆ ಹೂಡಿತು. ವಿಂಡೋಸಿನ ಸಂದೇಶ ಸೇವೆಯ ಮೂಲಕ ಜನರ ಪರದೆಗಳ ಮೇಲೆ ಮೇಲಿಂದ ಮೇಲೆ ಪಾಪ್‌ಅಪ್‌ಗಳನ್ನು ಕಳುಹಿಸಿ, ಅವುಗಳನ್ನು ತಡೆಯುವ ತಂತ್ರಾಂಶವನ್ನು ಅದೇ ಪಾಪ್‌ಅಪ್‌ಗಳ ಮೂಲಕ ಮಾರುತ್ತಿದ್ದರೆಂಬುದು ಆರೋಪ. ಉಪದ್ರವವನ್ನೂ ಅದರ ಪರಿಹಾರವನ್ನೂ ಒಬ್ಬನೇ ಮಾರುವ ಈ ವ್ಯಾಪಾರದಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ: ಶಾಂತವಾಗಿ ಓದುವ ಅವಕಾಶವು ಆ ಹೊತ್ತಿಗೆ ಬೆಲೆ ಕೊಟ್ಟು ಕೊಳ್ಳಬೇಕಾದ ಸರಕಾಗಿತ್ತು.

೫

ಅದು ಸರಕಾಗಿ ಉಳಿಯದೆ ಎಲ್ಲರ ಸ್ವತ್ತಾದುದು ೨೦೦೪ರಲ್ಲಿ. ೨೦೦೩ರ ಆರಂಭದಲ್ಲಿ ಆಪಲ್ ಕಂಪನಿಯ ಸಫಾರಿ ಬ್ರೌಸರು ಪಾಪ್‌ಅಪ್ ತಡೆಯನ್ನು ಮೆನುವಿನ ಒಂದು ಸಾಲಿನಷ್ಟು ಸುಲಭಗೊಳಿಸಿತು. ಅದೇ ವರ್ಷ ಗೂಗಲಿನ ಟೂಲ್‌ಬಾರಿನಲ್ಲಿ ಇಂಥದೇ ತಡೆ ಬಂದು, ಎಷ್ಟು ಕಿಟಕಿಗಳನ್ನು ತಡೆಯಲಾಯಿತೆಂಬ ಲೆಕ್ಕವನ್ನೂ ತೋರಿಸತೊಡಗಿತು. ಆದರೆ ಆ ಕಾಲದಲ್ಲಿ ಬಹುಪಾಲು ಜನರು ಬಳಸುತ್ತಿದ್ದುದು ಮೈಕ್ರೋಸಾಫ್ಟಿನ ಇಂಟರ್‌ನೆಟ್ ಎಕ್ಸ್‌ಪ್ಲೋರರ್; ಅದರಲ್ಲಿ ಯಾವ ತಡೆಯೂ ಇರಲಿಲ್ಲ. ೨೦೦೪ರ ಆಗಸ್ಟಿನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಎರಡನೆಯ ಸರ್ವಿಸ್ ಪ್ಯಾಕಿನೊಡನೆ ಈ ಬ್ರೌಸರಿಗೂ ತಡೆ ಬಂದಿತು. ಅದು ಮೊದಲಿನಿಂದಲೇ ಚಾಲನೆಯಲ್ಲಿರುತ್ತಿತ್ತು. ಓದುಗನು ಹುಡುಕಿ ಒತ್ತಬೇಕಾದುದು ಏನೂ ಇರಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಬಂದ ಫೈರ್‌ಫಾಕ್ಸಿನಲ್ಲಿಯೂ ಹಾಗೆಯೇ.

ಎಕ್ಸ್‌ಪ್ಲೋರರಿನ ರಚನೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಮುಂದಿನವರೆಲ್ಲ ಅದೇ ಜಾಡಿನಲ್ಲಿ ನಡೆದರು. ಕಿಟಕಿಯೊಂದನ್ನು ತಡೆದಾಗ ಪುಟದ ಮೇಲ್ಭಾಗದಲ್ಲಿ ಹಳದಿ ಬಣ್ಣದ ಒಂದು ಪಟ್ಟಿ ಮೂಡುತ್ತಿತ್ತು. ಅದು ಓದನ್ನು ನಿಲ್ಲಿಸುತ್ತಿರಲಿಲ್ಲ, ಉತ್ತರವನ್ನು ಒತ್ತಾಯಿಸುತ್ತಿರಲಿಲ್ಲ. ಬೇಕೆಂದವನು ಅದನ್ನು ಒತ್ತಿ ‘ಈ ಸಲಕ್ಕೆ ಬಿಡು’ ಎಂದೋ ‘ಈ ತಾಣಕ್ಕೆ ಯಾವಾಗಲೂ ಬಿಡು’ ಎಂದೋ ಹೇಳಬಹುದಾಗಿತ್ತು. ಎರಡನೆಯದನ್ನು ಆರಿಸಿದರೆ ಆ ತಾಣದ ಹೆಸರು ಒಂದು ಪಟ್ಟಿಗೆ ಸೇರುತ್ತಿತ್ತು. ತಡೆಯ ಬಿಗಿಯಲ್ಲಿ ಹೆಚ್ಚು, ಮಧ್ಯಮ, ಕಡಿಮೆ ಎಂಬ ಮೂರು ಮಟ್ಟಗಳಿದ್ದುವು. ಏನನ್ನೂ ಆಯದವನಿಗೆ ಮಧ್ಯಮ ಮಟ್ಟ. ತಡೆದಾಗ ಶಬ್ದ ಮಾಡಬೇಕೇ ಬೇಡವೇ ಎಂಬುದಕ್ಕೂ ಒಂದು ಗುರುತು ಹಾಕುವ ಸ್ಥಳವಿತ್ತು. ೨೦೦೮ರ ಸೆಪ್ಟೆಂಬರಿನಲ್ಲಿ ಬಂದ ಕ್ರೋಮ್ ಬ್ರೌಸರು ಮೊದಮೊದಲು ತಡೆದ ಕಿಟಕಿಗಳ ತಲೆಪಟ್ಟಿಯನ್ನು ಮಾತ್ರ ಪುಟದ ಕೆಳಮೂಲೆಯಲ್ಲಿ ತೋರಿಸುತ್ತಿತ್ತು. ಮುಂದೆ ಆ ಸೂಚನೆ ವಿಳಾಸದ ಸಾಲಿನ ಒಂದು ಚಿಕ್ಕ ಚಿಹ್ನೆಯಾಗಿ ಕುಗ್ಗಿತು.

ಇಷ್ಟಾದರೂ ಹೋರಾಟ ಮುಗಿಯಲಿಲ್ಲ. ಒತ್ತಿದರೆ ಅನುಮತಿ ಎಂಬ ನಿಯಮ ತಿಳಿದ ಕೂಡಲೆ ಜಾಹೀರಾತಿನವರು ಒತ್ತುವಿಕೆಯನ್ನೇ ಕದಿಯತೊಡಗಿದರು. ಓದುಗನು ಲೇಖನದ ಖಾಲಿ ಜಾಗದಲ್ಲಿ ಒತ್ತಿದರೂ ಕಿಟಕಿಯೊಂದು ಹುಟ್ಟುವಂತೆ ಪುಟಗಳನ್ನು ರಚಿಸಿದರು. ಇದಕ್ಕೆ ಉತ್ತರವಾಗಿ ಬ್ರೌಸರುಗಳು ಒಂದು ಒತ್ತುವಿಕೆಗೆ ಒಂದೇ ಕಿಟಕಿ, ಅದೂ ಒತ್ತಿದ ಕೆಲವೇ ಸೆಕೆಂಡುಗಳೊಳಗೆ ಎಂಬ ನಿಬಂಧನೆಯನ್ನು ತಂದುವು. ಇಂದು ಇದು ಜಾಲಪುಟಗಳ ಅಂಗೀಕೃತ ನಿಯಮಾವಳಿಯ ಭಾಗವಾಗಿದೆ. ಆಗ ಜಾಹೀರಾತು ಕಿಟಕಿಯನ್ನೇ ತೊರೆದು ಪುಟದ ಒಳಗೇ ಪರದೆಯಂತೆ ಇಳಿಯಿತು. ಅದು ಪುಟದ ಅಂಗವೇ ಆದುದರಿಂದ ಕಿಟಕಿಗಳನ್ನು ಕುರಿತ ಆಯ್ಕೆ ಅದರ ಮೇಲೆ ನಡೆಯದು. ದನವು ಬೇಲಿ ಮುರಿಯದೆ ತೋಟದ ಒಳಗೇ ಹುಟ್ಟಿದ ಹಾಗಾಯಿತು.

ಮತ್ತೊಂದು ದಾರಿ ಸೂಚನೆ ಕಳುಹಿಸಲು ಅನುಮತಿ ಬೇಡುವುದು. ಪ್ರತಿಯೊಂದು ತಾಣವೂ ಓದುಗನನ್ನು ತಡೆದು ನಿಲ್ಲಿಸಿ ಅನುಮತಿ ಕೇಳತೊಡಗಿತು. ಮೊಜಿಲ್ಲಾ ಸಂಸ್ಥೆಯೇ ೨೦೧೯ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ೨೦೧೮ರ ಡಿಸೆಂಬರಿನ ಕೊನೆಯಿಂದ ಒಂದು ತಿಂಗಳಲ್ಲಿ ಫೈರ್‌ಫಾಕ್ಸ್ ಇಂತಹ ಸುಮಾರು ೧೪೫ ಕೋಟಿ ಪ್ರಶ್ನೆಗಳನ್ನು ತೋರಿಸಿತು. ಜನರು ಒಪ್ಪಿದುದು ಸುಮಾರು ೨ ಕೋಟಿ ೩೭ ಲಕ್ಷಕ್ಕೆ ಮಾತ್ರ. ಒಂದು ಒಪ್ಪಿಗೆಗಾಗಿ ಸುಮಾರು ಅರವತ್ತು ಸಲ ಜನರ ಓದಿಗೆ ಭಂಗವಾಯಿತು. ೨೦೨೦ರ ಜನವರಿಯಿಂದ ಫೈರ್‌ಫಾಕ್ಸು ಈ ಪ್ರಶ್ನೆಗಳನ್ನು ಮರೆಗೆ ಸರಿಸಿ ಚಿಹ್ನೆಯೊಂದನ್ನು ಮಾತ್ರ ತೋರಿಸಿತು. ಮರುತಿಂಗಳು ಕ್ರೋಮೂ ಮೌನವಾದ ರೀತಿಯೊಂದನ್ನು ಅಳವಡಿಸಿತು. ಕೇಳುವುದೇ ಉಪದ್ರವವಾಗಬಲ್ಲದೆಂಬ ಪಾಠವನ್ನು ಎರಡನೆಯ ಸಲ ಕಲಿಯಬೇಕಾಯಿತು.

೬

ಇನ್ನು ನಮ್ಮ ನಾಡಿನ ಕಡೆಗೆ ತಿರುಗೋಣ. ಕರ್ನಾಟಕದಲ್ಲಿ ‘ಭೂಮಿ’ ಯೋಜನೆಯ ಮೂಲಕ ಸುಮಾರು ೬೭ ಲಕ್ಷ ರೈತರ ೨ ಕೋಟಿ ಪಹಣಿಗಳು ಈ ಶತಮಾನದ ಆರಂಭದಲ್ಲಿಯೇ ಗಣಕಕ್ಕೆ ಏರಿದುವು. ಅಲ್ಲಿಂದ ಈಚೆಗೆ ರೈತನ ಬದುಕಿನ ಕಾಗದಗಳು ಒಂದೊಂದಾಗಿ ಬ್ರೌಸರಿನೊಳಕ್ಕೆ ಹೋಗಿವೆ. ಅಡ್ಡಗದ್ದೆಯ ಕೃಷಿಕನಿಗೆ ಪಹಣಿ ಬೇಕಾದರೂ, ಬೆಳೆವಿಮೆಯ ಅರ್ಜಿ ಹಾಕಬೇಕಾದರೂ, ವಿದ್ಯುತ್ತಿನ ಬಿಲ್ಲು ಕಟ್ಟಬೇಕಾದರೂ, ಆತನು ಸ್ವತಃ ಫೋನಿನಲ್ಲಿಯೋ ಸೇವಾಕೇಂದ್ರದ ಕಂಪ್ಯೂಟರಿನಲ್ಲಿಯೋ ಬ್ರೌಸರಿನ ಎದುರು ನಿಲ್ಲಲೇಬೇಕು.

ಇಂತಹವನ ಪಾಲಿಗೆ ಪಾಪ್‌ಅಪ್ಪಿನ ಆಯ್ಕೆಯು ಎರಡು ಬಗೆಯಲ್ಲಿ ಎದುರಾಗುತ್ತದೆ. ದಾಖಲೆಯನ್ನೋ ರಸೀದಿಯನ್ನೋ ಬೇರೆ ಕಿಟಕಿಯಲ್ಲಿ ತೆರೆಯುವ ತಾಣವಾದರೆ, ಹಣ ಕಟ್ಟಿದ ಮೇಲೆ ಪರದೆಯಲ್ಲಿ ಏನೂ ಕಾಣುವುದಿಲ್ಲ. ವಿಳಾಸದ ಸಾಲಿನಲ್ಲಿ ಮೂಡಿದ ಎಳ್ಳುಕಾಳಿನಷ್ಟು ಚಿಹ್ನೆ ಅವನ ಕಣ್ಣಿಗೆ ಬೀಳದು; ಬಿದ್ದರೂ ಅರ್ಥವಾಗದು. ಹಣ ಹೋಯಿತೆಂದು ಗಾಬರಿಗೊಂಡು ಅವನು ಮತ್ತೆ ಕಟ್ಟಬಹುದು. ಇನ್ನೊಂದು ಸಲ ಹೀಗಾಗದಿರಲೆಂದು ತಿಳಿದವರೊಬ್ಬರು ಎಲ್ಲ ತಾಣಗಳಿಗೂ ಅನುಮತಿ ಕೊಟ್ಟುಬಿಟ್ಟರೆ, ಮರುದಿನ ‘ನಿಮ್ಮ ಫೋನಿಗೆ ವೈರಸ್ ತಗುಲಿದೆ, ಈ ಸಂಖ್ಯೆಗೆ ಕರೆಮಾಡಿ’ ಎಂಬ ಮೋಸದ ಕಿಟಕಿಗೂ ಅದೇ ಬಾಗಿಲು ತೆರೆದಿರುತ್ತದೆ. ಒಂದು ರಸೀದಿಗಾಗಿ ಇಡೀ ಬೇಲಿಯನ್ನು ಕಿತ್ತಂತಾಗುತ್ತದೆ. ನಗರದ ವಿದ್ಯಾವಂತನಿಗೆ ಇದು ಕಿರುಕುಳ. ದಾಖಲೆಗಾಗಿ ಒಂದು ದಿನದ ಕೂಲಿ ಬಿಟ್ಟು ಬಂದವನಿಗೆ ಅದು ನಷ್ಟ.

ಆದುದರಿಂದ ಇಂತಹ ಆಯ್ಕೆಗಳನ್ನು ರಚಿಸುವವರು ಈ ಇತಿಹಾಸದಿಂದ ಕಲಿಯಬಹುದಾದ ಮೂರು ಮಾತುಗಳನ್ನು ಸೂಚಿಸಲು ಬಯಸುತ್ತೇವೆ. ಮೊದಲನೆಯದಾಗಿ, ಸಂರಕ್ಷಣೆಯು ತಾನಾಗಿಯೇ ಚಾಲನೆಯಲ್ಲಿರಬೇಕು. ಹುಡುಕಿ ಪಡೆಯಬೇಕಾದ ರಕ್ಷಣೆಯು ಬಲ್ಲವರಿಗೆ ಮಾತ್ರ ದಕ್ಕುತ್ತದೆಂಬುದಕ್ಕೆ ೨೦೦೪ಕ್ಕೆ ಮುಂಚಿನ ವರ್ಷಗಳೇ ಸಾಕ್ಷಿ. ಎರಡನೆಯದಾಗಿ, ತಡೆದುದನ್ನು ಓದುಗನ ಭಾಷೆಯಲ್ಲಿ, ಕಣ್ಣಿಗೆ ಕಾಣುವಂತೆ ಹೇಳಬೇಕು. ಫೈರ್‌ಫಾಕ್ಸ್, ಕ್ರೋಮ್‌ಗಳೆರಡೂ ಕನ್ನಡದಲ್ಲಿ ದೊರೆಯುತ್ತವೆ. ಆದರೆ ಮಾತಿಲ್ಲದ ಚಿಹ್ನೆಗೆ ಯಾವ ಅನುವಾದವೂ ಇಲ್ಲ. ಹಳೆಯ ಹಳದಿ ಪಟ್ಟಿಯು ಈ ದೃಷ್ಟಿಯಿಂದ ಇಂದಿನ ಚಿಹ್ನೆಗಿಂತ ಮೇಲಾಗಿತ್ತೆಂದು ನಮ್ಮ ಅಭಿಪ್ರಾಯ. ಮೂರನೆಯದಾಗಿ, ‘ಈ ಸಲಕ್ಕೆ’, ‘ಈ ತಾಣಕ್ಕೆ’, ‘ಎಲ್ಲಕ್ಕೂ’ ಎಂಬ ಮೂರರಲ್ಲಿ ಮೊದಲನೆಯದು ಅತಿ ಸುಲಭವಾಗಿಯೂ ಕೊನೆಯದು ಅತಿ ಪ್ರಯಾಸದಿಂದಲೂ ಕೈಗೆ ಸಿಗುವಂತಿರಬೇಕು. ಸರಕಾರಿ ತಾಣಗಳನ್ನು ಕಟ್ಟುವವರ ಕರ್ತವ್ಯವೂ ಇಲ್ಲಿದೆ: ರಸೀದಿಯನ್ನು ಅದೇ ಪುಟದಲ್ಲಿ ತೋರಿಸಿದರೆ ರೈತನು ಬೇಲಿಯ ಗೊಡವೆಗೇ ಹೋಗಬೇಕಾಗಿಲ್ಲ.

ಕಾನೂನು ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಇಟ್ಟಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ೨೦೨೩ರ ನವೆಂಬರ್ ೩೦ರಂದು ಹೊರಡಿಸಿದ ಮಾರ್ಗಸೂಚಿಯು, ಗ್ರಾಹಕರನ್ನು ದಾರಿತಪ್ಪಿಸುವ ೧೩ ಬಗೆಯ ರಚನೆಗಳನ್ನು ಹೆಸರಿಸಿ ನಿಷೇಧಿಸಿದೆ. ಬೇಡವೆಂದರೂ ಮೇಲಿಂದ ಮೇಲೆ ಬೇಡಿಕೆಗಳನ್ನು ಮುಂದಿಟ್ಟು ಕಾಡುವುದು ಅವುಗಳಲ್ಲಿ ಒಂದು. ಬ್ರೌಸರಿನ ಆಯ್ಕೆ ತಲುಪಲಾರದ ಕಡೆಗೆ, ಎಂದರೆ ಪುಟದ ಒಳಗೇ ಇಳಿಯುವ ಪರದೆಯವರೆಗೆ, ಕಾನೂನು ತಲುಪಬಲ್ಲದು.

ಕೊನೆಯಲ್ಲಿ ನಮ್ಮ ಶಾಸ್ತ್ರಕ್ಕೆ ಸಂಬಂಧಿಸಿದ ಒಂದು ಮಾತು. ಶೃಂಗೇರಿಯ ಮಠದಲ್ಲಿ ಶತಮಾನಗಳ ಕಡತಗಳು ಉಳಿದುಬಂದಿವೆ. ಟಿಪ್ಪುಸುಲ್ತಾನನು ಬರೆದ ಪತ್ರಗಳು ೧೯೧೬ರಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರ ಗಮನಕ್ಕೆ ಬಂದುದು ಅಲ್ಲಿಯೇ. ಕಾಗದವಾದುದರಿಂದ ಅವು ಉಳಿದುವು. ಬ್ರೌಸರಿನ ಆಯ್ಕೆಯ ಪುಟವಾದರೋ ಹೊಸ ಆವೃತ್ತಿ ಬಂದೊಡನೆ ಅಳಿಯುತ್ತದೆ. ೨೦೦೨ರ ಆಗಸ್ಟಿನಲ್ಲಿ ಒಂದು ಸಾಲು ಕಾಣೆಯಾಗಿ ಡಿಸೆಂಬರಿನಲ್ಲಿ ಮರಳಿದುದು ನಮಗೆ ತಿಳಿದಿರುವುದು ಅಂದಿನ ಬಳಕೆದಾರರು ಅದನ್ನು ಗಮನಿಸಿ ದೂರಿದುದರಿಂದ. ಜನರ ಒಪ್ಪಿಗೆಯನ್ನು ಅಳೆಯುವ ಇಂತಹ ಸಾಲುಗಳನ್ನು, ಹಿಂದಿನ ಕಂದಾಯದ ನಿರೂಪಗಳನ್ನು ಸಂಗ್ರಹಿಸಿದ ಶ್ರದ್ಧೆಯಿಂದಲೇ, ಅವು ಬದಲಾದ ದಿನಾಂಕದೊಡನೆ ಸಂಗ್ರಹಿಸಿಡುವ ಕಾರ್ಯಕ್ಕೆ ವಿಶ್ವವಿದ್ಯಾನಿಲಯಗಳ ಇತಿಹಾಸ ವಿಭಾಗಗಳು ಈಗಲೇ ತೊಡಗಬೇಕೆಂದು ನಾವು ಸೂಚಿಸುತ್ತೇವೆ.